ವಿದ್ಯುತ್ ಪಿಕಪ್ ಇಟ್ಟುಕೊಂಡವರು ನಿಜ ಹೇಳಿ: ಒಂದು ಚಾರ್ಜಿಗೆ ಎಷ್ಟು ಓಡುತ್ತದೆ?

ಪೀಣ್ಯ ವರ್ಕ್‌ಶಾಪ್: ದಿನಕ್ಕೊಂದು ಸಲ ಪೀಣ್ಯದಿಂದ ಬೊಮ್ಮಸಂದ್ರಕ್ಕೆ, ಹೋಗಿಬರಲು ಸುಮಾರು 80 ಕಿ.ಮೀ. ಹೋಗುವಾಗ 600 ಕೆ.ಜಿ. ಬಿಡಿಭಾಗ, ಬರುವಾಗ ಖಾಲಿ. 21 ಯೂನಿಟ್ ಬ್ಯಾಟರಿಯ ಚಿಕ್ಕ ಗಾಡಿ ನೋಡಿದ್ದೇನೆ, ಕಾಗದದಲ್ಲಿ 154 ಕಿ.ಮೀ. ಎಂದಿದೆ. ಇರುವುದು ಬಾಡಿಗೆ ಮನೆ, ಗಾಡಿ ನಿಲ್ಲುವುದು ಬೀದಿಯಲ್ಲಿ. ಅನುಭವ ಇದ್ದವರು ತಿಳಿಸಿ.

ಮದ್ದೂರು ಎಳನೀರು: ಕಾಗದದ ಲೆಕ್ಕ ಮರೆತುಬಿಡಿ. ನನ್ನದು ಎರಡು ವರ್ಷದ ಗಾಡಿ, ಮದ್ದೂರಿನಿಂದ ಕೆಂಗೇರಿಗೆ ಎಳನೀರು. 45ರ ವೇಗದಲ್ಲಿ ಹೋದರೆ 115 ಕಿ.ಮೀ., 65 ಮುಟ್ಟಿಸಿದರೆ 90 ದಾಟುವುದಿಲ್ಲ. ಆದರೆ ನನ್ನ ಹೊಟ್ಟೆ ಉರಿಸಿದ್ದು ವೈರಿಂಗ್. ಕೊಟ್ಟಿಗೆಯ ಹಳೆಯ 15 ಆಂಪಿಯರ್ ಸಾಕೆಟ್ಟಿಗೇ ಹಾಕಿದ್ದೆ. ನಾಲ್ಕನೆಯ ಬೆಳಿಗ್ಗೆ ಪ್ಲಗ್ ಕೀಳಲು ಹೋದರೆ ಬೆಲ್ಲದ ಪಾಕದಂತೆ ಎಳೆ ಬಂತು. ಹತ್ತು ನಿಮಿಷದ ಮಿಕ್ಸಿಗೆ ತಾಳುವ ತಂತಿ ಏಳು ಗಂಟೆ ಒಂದೇ ಸಮನೆ ಎಳೆದರೆ ತಾಳುತ್ತದೆಯೇ? 4 ಚದರ ಮಿ.ಮೀ. ತಾಮ್ರದ ತಂತಿ 6,200, ಸಾಕೆಟ್ ಮತ್ತು ಎಂಸಿಬಿ (ಹೊರೆ ಹೆಚ್ಚಾದರೆ ತಾನೇ ಕಡಿಯುವ ಸ್ವಿಚ್ಚು) 1,900, ಅರ್ತಿಂಗ್ ಗುಂಡಿ 4,500, ಕೂಲಿ 2,000. ಸುಟ್ಟುಹೋದ ಎರಡು ಸಾಕೆಟ್ ಬೇರೆ. ಇಷ್ಟಾದರೂ ಏಪ್ರಿಲ್‌ನಲ್ಲಿ ನೆಲ ಒಣಗಿದರೆ ಅರ್ತಿಂಗ್ ಸಿಗದೆ ಚಾರ್ಜರಿನ ಕೆಂಪು ದೀಪ. ಗುಂಡಿಗೆ ಎರಡು ಬಿಂದಿಗೆ ನೀರು ಸುರಿದು ಕಾಯಬೇಕು, ಆಮೇಲೆ ಹಸಿರು. ನನ್ನ ಹೆಂಡತಿ ಅದಕ್ಕೆ ಅಭಿಷೇಕ ಎನ್ನುತ್ತಾಳೆ.

ಮಡಿಕೇರಿ ಬೇಕರಿ: ವೈರಿಂಗ್ ಎಲ್ಲರಿಗೂ ಗೊತ್ತಿರುವ ವಿಷಯ. ಘಟ್ಟದ ಕಷ್ಟ ಕೇಳಿ. ರಾತ್ರಿ ಬ್ಯಾಟರಿ ಶೇಕಡಾ 100 ತುಂಬಿಸಿ ಬೆಳಿಗ್ಗೆ ಸುಳ್ಯಕ್ಕೆ ಬ್ರೆಡ್ ಹೇರಿ ಹೊರಡುತ್ತಿದ್ದೆ. ಇಳಿಜಾರಿನಲ್ಲಿ ಮೋಟಾರೇ ಗಾಡಿಯನ್ನು ಹಿಡಿಯಬೇಕು, ಆ ವಿದ್ಯುತ್ತು ಬ್ಯಾಟರಿಗೆ ಹೋಗಬೇಕು. ತುಂಬಿದ ಕೊಡಕ್ಕೆ ಇನ್ನೆಲ್ಲಿ ಹೊಯ್ಯುವುದು? ಹಿಡಿತ ಸಿಗದೆ ಸಂಪಾಜೆ ತಲಪುವಾಗ ಬ್ರೇಕು ಕಮಟು ವಾಸನೆ. ಒಂಬತ್ತು ತಿಂಗಳಿಗೇ ಪ್ಯಾಡ್ ಬದಲಾಯಿಸಿದೆ, 3,800 ರೂಪಾಯಿ. ಈಗ 80ಕ್ಕೆ ನಿಲ್ಲಿಸುತ್ತೇನೆ. ಕೆಳಗೆ ಇಳಿದಾಗ 84 ತೋರಿಸುತ್ತದೆ! ಮರಳಿ ಹತ್ತುವಾಗ ಖಾಲಿ ಗಾಡಿಗೇ 30 ಹೋಗುತ್ತದೆ, ಆ ಮಾತು ಬೇರೆ. ದಿನವೂ 100 ಮಾಡುವವರು ಬ್ಯಾಟರಿಯನ್ನು ಕೈಯಾರೆ ಕೊಲ್ಲುತ್ತಿದ್ದಾರೆ.

ಮದ್ದೂರು ಎಳನೀರು: ಅರ್ಧ ತಿಳಿದವರು ಪಾಠ ಹೇಳಬಾರದು. ನನ್ನದು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಆಗಾಗ ಪೂರ್ತಿ ತುಂಬಿಸದಿದ್ದರೆ ಎಷ್ಟು ಚಾರ್ಜ್ ಉಳಿದಿದೆ ಎಂದು ಮೀಟರ್ ಸುಳ್ಳು ಹೇಳುತ್ತದೆ. ನಿಮ್ಮಂಥವರ ಮಾತು ಕೇಳಿ ಒಂದು ತಿಂಗಳು 80ರಲ್ಲೇ ಓಡಿಸಿದೆ. ಬಿಡದಿ ಹತ್ತಿರ 22 ಇದ್ದದ್ದು ಒಮ್ಮೆಗೇ 6ಕ್ಕೆ ಬಿತ್ತು. ಆಮೇಲೆ ಗಾಡಿ ತೆವಳಿತು, ಕಬ್ಬು ಹೇರಿದ ಟ್ರ್ಯಾಕ್ಟರ್ ನನ್ನನ್ನು ಹಿಂದೆ ಹಾಕಿ ಹೋಯಿತು. ಅವನು ತಿರುಗಿ ನೋಡಿ ನಕ್ಕದ್ದು ಇಂದಿಗೂ ಕಣ್ಣಲ್ಲಿದೆ.

ಮಡಿಕೇರಿ ಬೇಕರಿ: ಆಗಾಗ ಬೇರೆ, ದಿನವೂ ಬೇರೆ. ಓದಲು ಬರುತ್ತದೆ ತಾನೇ?

ಮಿನಿಯಾಪೊಲಿಸ್ ಕನ್ನಡಿಗ: ನನ್ನ ಪಿಕಪ್‌ಗೆ 131 ಯೂನಿಟ್ ಬ್ಯಾಟರಿ, ಹೇಳಿಕೆಯಂತೆ 515 ಕಿ.ಮೀ. ಕಳೆದ ನವೆಂಬರ್‌ನಲ್ಲಿ ರಾಜ್ಯೋತ್ಸವಕ್ಕೆಂದು ಟ್ರೈಲರ್ ತುಂಬ ಪಾತ್ರೆ, ಕುರ್ಚಿ ಎಳೆದುಕೊಂಡು ಷಿಕಾಗೊಗೆ, 650 ಕಿ.ಮೀ. ಹೊರಟೆ. ಎದುರುಗಾಳಿ, ಚಳಿ, ಹಿಂದೆ ಗೋಡೆಯಂಥ ಟ್ರೈಲರ್. 220ಕ್ಕೇ ಬ್ಯಾಟರಿ ಬರಿದು, ದಾರಿಯಲ್ಲಿ ನಾಲ್ಕು ನಿಲುಗಡೆ. ಚಾರ್ಜಿಂಗ್ ಜಾಗಗಳೆಲ್ಲ ಕಾರಿನ ಅಳತೆಯವು. ಪ್ರತಿ ಸಲವೂ ಟ್ರೈಲರ್ ಕಳಚಿ, ಮೂಲೆಗೆ ನಿಲ್ಲಿಸಿ, ಚಾರ್ಜ್ ಮುಗಿದ ಮೇಲೆ ಮತ್ತೆ ಸಿಕ್ಕಿಸಬೇಕು. ಮರಗಟ್ಟಿದ ಬೆರಳಿಗೆ ಕೊಂಡಿಯ ಪಿನ್ನೂ ಸಿಗುವುದಿಲ್ಲ. ಬಿಸಿಬೇಳೆಬಾತ್ ಹಂಚಿ ಮುಗಿದ ಮೇಲೆ ಪಾತ್ರೆ ತಲುಪಿತು. ಗಾಡಿ ಚಾರ್ಜಿಗೆಂದು ಮನೆಯ ವಿದ್ಯುತ್ ಫಲಕವನ್ನು (ಮೇನ್ ಬೋರ್ಡ್) 100ರಿಂದ 200 ಆಂಪಿಯರಿಗೆ ಏರಿಸಲು 4,200 ಡಾಲರ್ ತೆತ್ತಿದ್ದೇನೆ.

ಮದ್ದೂರು ಎಳನೀರು: ಸ್ವಾಮಿ, ನಿಮ್ಮ ಫಲಕದ ದುಡ್ಡಿಗೆ ಇಲ್ಲಿ ಹಳೆಯ ಗೂಡ್ಸ್ ಗಾಡಿಯೇ ಬರುತ್ತದೆ. ಕೇಳಿದವರು ಪೀಣ್ಯದವರು.

ಮಿನಿಯಾಪೊಲಿಸ್ ಕನ್ನಡಿಗ: ನೀವು ಪೀಣ್ಯದ ಬಗ್ಗೆ ಏನು ಹೇಳಿದ್ದೀರಿ ತೋರಿಸಿ. ಕಬ್ಬಿನ ಟ್ರ್ಯಾಕ್ಟರ್ ಅಲ್ಲಿ ಓಡುತ್ತದೆಯೇ?

ಲೈನ್ ಕೆಲಸದವ, ಚಿಕ್ಕಬಳ್ಳಾಪುರ: ಎಳನೀರಿನವರೇ, ಆ ಗುಂಡಿಗೆ ಬರೀ ಉಪ್ಪು ತುಂಬಿಸಿದ್ದೀರಾ? ನೀರಿನ ಜೊತೆ ಉಪ್ಪು ಕರಗಿ ಹೋಗುತ್ತದೆ, ಪೈಪನ್ನೂ ತಿನ್ನುತ್ತದೆ. ಇದ್ದಿಲು ಜೊತೆಗಿದ್ದರೆ ತೇವ ನಿಲ್ಲುತ್ತದೆ. 4,500 ತೆಗೆದುಕೊಂಡವನು ನಿಮಗೆ ಟೋಪಿ ಹಾಕಿದ್ದಾನೆ.

ಮದ್ದೂರು ಎಳನೀರು: ಗುಂಡಿ ತೋಡಿದವನು ನನ್ನ ಭಾವಮೈದುನ. ಮಾತು ನೋಡಿಕೊಂಡು ಆಡಿ.

ಪೀಣ್ಯ ವರ್ಕ್‌ಶಾಪ್: ಎಲ್ಲರಿಗೂ ವಂದನೆ. ನನ್ನದು ಮೊದಲನೆಯ ಮಹಡಿ, ಬೀದಿಯಿಂದ ಎಂಟು ಮೀಟರ್. ಮಾಲೀಕರು ವೈರ್ ಇಳಿಸಲು ಒಪ್ಪುತ್ತಿಲ್ಲ. ಬಾಡಿಗೆ ಮನೆಯಲ್ಲಿರುವವರು ಹೇಗೆ ಮಾಡಿಕೊಂಡಿದ್ದೀರಿ?

ಲೈನ್ ಕೆಲಸದವ, ಚಿಕ್ಕಬಳ್ಳಾಪುರ: ಭಾವಮೈದುನನಾದರೇನು, ಇದ್ದಿಲು ಹಾಕಿದ್ದಾನೋ ಇಲ್ಲವೋ ಅಷ್ಟು ಹೇಳಿ.