ಸೈಕಲ್‌ಗೆ ಹೊಸ ಬ್ರೇಕ್ ಡಿಸ್ಕ್ ಬೇಕು, ಯಾವುದು ಕೂರುತ್ತದೆ?

ಪ್ರಶ್ನೆ (ಬೆಂಗಳೂರಿನಿಂದ)

ನಮಸ್ಕಾರ ಸರ್. ನನ್ನದು ಮೂರು ವರ್ಷ ಹಳೆಯ ಎಂಟಿಬಿ (ಮೌಂಟನ್ ಬೈಕ್). ಶಿಮಾನೊ ಎಂಟಿ200 ಹೈಡ್ರಾಲಿಕ್ ಬ್ರೇಕ್ ಇದೆ. ವಾರಕ್ಕೊಮ್ಮೆ ತುರಹಳ್ಳಿ ಕಾಡಿಗೆ ಹೋಗುತ್ತೇನೆ, ಆಗಾಗ ನಂದಿ ಬೆಟ್ಟ. ಮೊನ್ನೆ ಬ್ರೇಕ್ ಪ್ಯಾಡ್ ಬದಲಿಸೋಕೆ ಅಂಗಡಿಗೆ ಹೋದಾಗ "ಮುಂದಿನ ಚಕ್ರದ ಡಿಸ್ಕೂ ಸವೆದಿದೆ, ಹೊಸದು ಹಾಕಿಸಿ" ಅಂದರು. ಆನ್‌ಲೈನ್‌ನಲ್ಲಿ ನೋಡಿದರೆ 160, 180, 203, ಆರು ಬೋಲ್ಟ್, ಸೆಂಟರ್‌ಲಾಕ್ ಅಂತ ಏನೇನೋ ಇವೆ. ನಿಜವಾಗಲೂ ಬದಲಿಸಬೇಕಾ? ಬದಲಿಸೋದಾದರೆ ಯಾವುದು ತಗೊಳ್ಳಲಿ? ಹೇಗೂ ತಗೊಳ್ತೀನಿ, ಒಂದು ಸೈಜ್ ದೊಡ್ಡದೇ ಹಾಕಬಹುದಾ?

ಉತ್ತರ (ಸೈಕಲ್ ಮೆಕ್ಯಾನಿಕ್)

ನಮಸ್ಕಾರ. ಆರ್ಡರ್ ಮಾಡುವ ಮೊದಲು ಕೇಳಿದ್ದು ಒಳ್ಳೆಯದಾಯಿತು. ಡಿಸ್ಕ್ ತಂದು, ಚಕ್ರಕ್ಕೆ ಕೂರಲಿಲ್ಲ ಅಂತ ನಮ್ಮ ಹತ್ತಿರ ಬರುವವರು ತುಂಬ ಜನ.

ಮೊದಲು ಸವೆತ ನೋಡೋಣ. ಚಕ್ರ ನಿಲ್ಲಿಸಿ, ಪ್ಯಾಡ್ ಉಜ್ಜುವ ಪಟ್ಟಿಯ ಮೇಲೆ ಉಗುರನ್ನು ಒಳಗಿನಿಂದ ಹೊರಗಿನ ಅಂಚಿನ ಕಡೆಗೆ ಎಳೆಯಿರಿ. ತುದಿಯಲ್ಲಿ ಉಗುರು ಸಣ್ಣ ಮೆಟ್ಟಿಲಿಗೆ ತಗುಲಿದಂತೆ ಸಿಕ್ಕಿಕೊಂಡರೆ ಡಿಸ್ಕ್ ಸವೆದಿದೆ ಅಂತ ಅರ್ಥ. ಎಷ್ಟು ಸವೆದಿದೆ ಅನ್ನೋದಕ್ಕೆ ಅಳತೆ ಬೇಕು. ಶಿಮಾನೊ ಡಿಸ್ಕ್ ಹೊಸದರಲ್ಲಿ 1.8 ಮಿ.ಮೀ. ದಪ್ಪ ಇರುತ್ತದೆ, 1.5ಕ್ಕೆ ಇಳಿದರೆ ಬದಲಿಸಬೇಕು. ಆ ಕನಿಷ್ಠ ದಪ್ಪ ಡಿಸ್ಕ್ ಮೇಲೆಯೇ ಸಣ್ಣ ಅಕ್ಷರದಲ್ಲಿ ಕೊರೆದಿರುತ್ತದೆ. ಬೇರೆ ಕಂಪನಿಯ ಡಿಸ್ಕ್ ಆದರೆ ಅದರ ಮೇಲೆ ಬರೆದ ಅಂಕಿಯನ್ನೇ ನಂಬಿ.

ಅಳೆಯುವಾಗ ಒಂದು ಎಚ್ಚರಿಕೆ. ವರ್ನಿಯರ್ ಹಾಕಿದರೆ ಅದರ ಅಗಲವಾದ ಬಾಯಿ ಹೊರ ಅಂಚಿನ ಆ ಸವೆಯದ ಮೆಟ್ಟಿಲ ಮೇಲೆ ಕೂರುತ್ತದೆ. ಆಗ ಡಿಸ್ಕ್ ಎಷ್ಟೇ ತೆಳ್ಳಗಾಗಿದ್ದರೂ 1.8 ಅಂತಲೇ ತೋರಿಸುತ್ತದೆ! ಮೈಕ್ರೋಮೀಟರ್‌ನಲ್ಲಿ ಪಟ್ಟಿಯ ನಡುವೆ ಅಳೆಯಿರಿ. ಇಲ್ಲದಿದ್ದರೆ ವರ್ನಿಯರ್‌ನ ಚೂಪು ತುದಿಯನ್ನು ಅಂಚಿನಿಂದ ಒಳಗೆ ತಂದು, ಮೂರು ನಾಲ್ಕು ಕಡೆ ನೋಡಿ. ಇನ್ನೊಂದು ಮಾತು: ಚಕ್ರ ತಿರುಗುತ್ತಿರುವಾಗ ಡಿಸ್ಕ್ ಹತ್ತಿರ ಬೆರಳು ಒಯ್ಯಲೇಬೇಡಿ. ಅದರ ತೂತುಗಳಿಗೆ ಬೆರಳು ಸಿಕ್ಕಿದರೆ ಕತ್ತರಿಸಿಬಿಡುತ್ತದೆ. ಇಳಿಜಾರು ಮುಗಿಸಿ ಬಂದ ತಕ್ಷಣವೂ ಮುಟ್ಟಬೇಡಿ, ಚರ್ಮ ಸುಡುವಷ್ಟು ಕಾದಿರುತ್ತದೆ.

ಇನ್ನು ಯಾವುದು ಕೂರುತ್ತದೆ ಅನ್ನೋದು. ಹಬ್ (ಚಕ್ರದ ನಡುವಿನ ಭಾಗ) ನೋಡಿ. ಡಿಸ್ಕ್ ಆರು ಸಣ್ಣ ಬೋಲ್ಟ್‌ಗಳಿಂದ ಕೂತಿದ್ದರೆ ಅದು ಆರು ಬೋಲ್ಟ್ ಮಾದರಿ. ಬೋಲ್ಟ್‌ಗಳ ವೃತ್ತ 44 ಮಿ.ಮೀ., ಈಗಿನ ಎಲ್ಲ ಕಂಪನಿಗೂ ಇದೊಂದೇ. ಬೋಲ್ಟ್ ಕಾಣದೆ ನಡುವೆ ಒಂದೇ ದೊಡ್ಡ ಬಳೆಯಂಥ ಲಾಕ್‌ರಿಂಗ್ ಇದ್ದರೆ ಸೆಂಟರ್‌ಲಾಕ್. ಸೆಂಟರ್‌ಲಾಕ್ ಹಬ್‌ಗೆ ಅಡಾಪ್ಟರ್ ಹಾಕಿ ಆರು ಬೋಲ್ಟ್ ಡಿಸ್ಕ್ ಕೂರಿಸಬಹುದು. ಆರು ಬೋಲ್ಟ್ ಹಬ್‌ಗೆ ಸೆಂಟರ್‌ಲಾಕ್ ಡಿಸ್ಕ್ ತರಬೇಡಿ, ಅದು ಆಗುವ ಕೆಲಸ ಅಲ್ಲ.

ಆಮೇಲೆ ವ್ಯಾಸ. ಟೇಪ್ ಇಟ್ಟು ಅಂಚಿನಿಂದ ಅಂಚಿಗೆ ಅಳೆದರೆ ಸಾಕು. ಸದ್ಯಕ್ಕೆ ಎಷ್ಟಿದೆಯೋ ಅಷ್ಟೇ ತಂದರೆ ಕ್ಯಾಲಿಪರ್ (ಪ್ಯಾಡ್‌ಗಳನ್ನು ಹಿಡಿದಿರುವ ಬ್ರೇಕ್‌ನ ಭಾಗ) ಮುಟ್ಟುವ ಕೆಲಸವೇ ಇರುವುದಿಲ್ಲ.

ಜನ ಮರೆಯೋದು ಪ್ಯಾಡ್ ವಿಷಯ. ಇದನ್ನು ದಯವಿಟ್ಟು ಗಮನ ಇಟ್ಟು ಓದಿ. ಕೆಲವು ಡಿಸ್ಕ್ ಮೇಲೆ "ರೆಸಿನ್ ಪ್ಯಾಡ್ ಓನ್ಲಿ" ಅಂತ ಇಂಗ್ಲಿಷಿನಲ್ಲಿ ಕೊರೆದಿರುತ್ತಾರೆ, ಅಂದರೆ ರಾಳ ಬೆರೆಸಿ ಮಾಡಿದ ಮೆತ್ತನೆ ಪ್ಯಾಡ್ ಮಾತ್ರ ಹಾಕಿ ಅಂತ. ಅವುಗಳ ಉಕ್ಕು ಸ್ವಲ್ಪ ಮೆತ್ತಗೆ. ಲೋಹದ ಪುಡಿಯಿಂದ ಮಾಡಿದ ಗಟ್ಟಿ ಮೆಟಲ್ ಪ್ಯಾಡ್ ಅದನ್ನು ಬೇಗ ತಿಂದುಹಾಕುತ್ತದೆ. ಹೋದ ಮಳೆಗಾಲದಲ್ಲಿ ಒಬ್ಬ ಹುಡುಗ ಸೈಕಲ್ ತಂದಿದ್ದ. ಪ್ಯಾಡ್ ಜಾಸ್ತಿ ದಿನ ಬರಲಿ ಅಂತ ಮೆಟಲ್ ಪ್ಯಾಡ್ ಹಾಕಿಕೊಂಡಿದ್ದ. ಡಿಸ್ಕ್ ಮೇಲೆ ಗ್ರಾಮಫೋನ್ ತಟ್ಟೆಯ ಹಾಗೆ ಗೆರೆಗಳು ಬಿದ್ದಿದ್ದವು. ಒಂದು ಕಡೆ 1.3ಕ್ಕೆ ಇಳಿದಿತ್ತು. ಅದರಲ್ಲೇ ಬೆಟ್ಟ ಇಳಿದು ಬಂದಿದ್ದ ಅಂತ ಕೇಳಿ ನನಗೆ ಎದೆ ಝಲ್ ಅಂತು.

ಶಿಮಾನೊದಲ್ಲೇ ಆರ್‌ಟಿ56 ಅನ್ನೋ ಡಿಸ್ಕ್ ರೆಸಿನ್‌ಗೆ ಮಾತ್ರ. ಆರ್‌ಟಿ66ಗೆ ಎರಡೂ ಆಗುತ್ತದೆ. ಎರಡೂ ಆರು ಬೋಲ್ಟ್. ನೋಡೋಕೆ ಹೆಚ್ಚು ವ್ಯತ್ಯಾಸ ಕಾಣಲ್ಲ, ಅದಕ್ಕೇ ಕೊರೆದ ಅಕ್ಷರ ಓದಿ ಅನ್ನೋದು.

ಪ್ರಶ್ನೆ (ಮಡಿಕೇರಿಯಿಂದ)

ಅಣ್ಣ, ನಮ್ಮಲ್ಲಿ ಮಳೆ, ಕೆಸರು. ರೆಸಿನ್ ಪ್ಯಾಡ್ ನಾಲ್ಕು ರೈಡ್‌ಗೆ ಮುಗಿದುಹೋಗುತ್ತದೆ. ನಾವು ಮೆಟಲ್‌ಗೆ ಹೋಗಬಹುದಾ? ಬೇರೆ ಕಂಪನಿ ಡಿಸ್ಕ್ ನಡೆಯುತ್ತಾ?

ಉತ್ತರ

ಖಂಡಿತ ಹೋಗಿ. ಕೆಸರಿಗೆ ಮೆಟಲ್ ಪ್ಯಾಡೇ ಬಾಳಿಕೆ. ಸ್ವಲ್ಪ ಸದ್ದು ಜಾಸ್ತಿ ಮಾಡುತ್ತದೆ, ಅಷ್ಟೇ. ಡಿಸ್ಕ್ ಮಾತ್ರ ಮೆಟಲ್ ಪ್ಯಾಡ್ ತಡೆಯುವಂಥದ್ದೇ ಇರಬೇಕು.

ಬೇರೆ ಕಂಪನಿಯದೂ ನಡೆಯುತ್ತದೆ. ಹೆಸರಿಗಿಂತ ದಪ್ಪ ಮುಖ್ಯ. ಟಿಆರ್‌ಪಿಯವರ ಕೆಲವು ಡಿಸ್ಕ್ 2.3 ಮಿ.ಮೀ. ಇರುತ್ತವೆ. 1.8ಕ್ಕೆ ಮಾಡಿದ ಕ್ಯಾಲಿಪರ್‌ಗೆ ಅದನ್ನು ತುರುಕಿದರೆ ಪ್ಯಾಡ್ ಸದಾ ಉಜ್ಜುತ್ತಲೇ ಇರುತ್ತದೆ. ಕೂರಿಸಿದ ಮೇಲೆ ಮೇಲಿನಿಂದ ಬಗ್ಗಿ ನೋಡಿ. ಪ್ಯಾಡ್ ಪೂರ್ತಿ ಪಟ್ಟಿಯ ಮೇಲೇ ಇರಬೇಕು. ಕೆಳಗೆ ಡಿಸ್ಕ್‌ನ ಒಳಗಿನ ಕಡ್ಡಿಗಳಿಗೆ ತಾಗಬಾರದು, ಮೇಲೆ ಅಂಚಿನಿಂದ ಆಚೆ ಚಾಚಬಾರದು. ಆಚೆ ಚಾಚಿದರೆ ಆ ಭಾಗ ಸವೆಯದೆ ಉಳಿದು, ಕೊನೆಗೆ ಎರಡು ಪ್ಯಾಡ್‌ನ ತುದಿಗಳು ಒಂದಕ್ಕೊಂದು ತಾಗುತ್ತವೆ. ಆಗ ಲೀವರ್ ಎಷ್ಟು ಎಳೆದರೂ ಹಿಡಿತ ಸಿಗಲ್ಲ. 203ರ ಜಾಗಕ್ಕೆ 200 ಹಾಕಿದರೆ ಆಗೋದು ಇದೇ. ನೋಡೋಕೆ ಮೂರೇ ಮಿ.ಮೀ. ಅಲ್ವಾ ಅನ್ನಿಸುತ್ತದೆ. ಆದರೆ ಅಂಚಿನಲ್ಲಿ ಒಂದೂವರೆ ಮಿ.ಮೀ. ಪ್ಯಾಡ್ ಗಾಳಿಯಲ್ಲಿರುತ್ತದೆ.

ಪ್ರಶ್ನೆ (ಮೊದಲು ಕೇಳಿದವರು)

ಸರ್, ಅಳೆದೆ. ಆರು ಬೋಲ್ಟ್, 160 ಮಿ.ಮೀ. ದಪ್ಪ ಒಂದು ಕಡೆ 1.5, ಇನ್ನೊಂದು ಕಡೆ 1.4. ಮೇಲೆ "ರೆಸಿನ್ ಪ್ಯಾಡ್ ಓನ್ಲಿ" ಅಂತಲೂ ಇದೆ. 180 ಹಾಕೋ ಆಸೆ ಇನ್ನೂ ಬಿಟ್ಟಿಲ್ಲ.

ಉತ್ತರ

1.4 ಅಂದರೆ ಆ ಡಿಸ್ಕ್‌ನ ಆಯಸ್ಸು ಮುಗಿದಿದೆ. ಹೊಸದು ಬರುವವರೆಗೆ ನಂದಿ ಇಳಿಯಬೇಡಿ. ತೆಳ್ಳಗಿನ ಡಿಸ್ಕ್ ಬೇಗ ಕಾಯುತ್ತದೆ, ಬೇಗ ಸೊಟ್ಟಗಾಗುತ್ತದೆ.

180ರ ಆಸೆ ತಪ್ಪಲ್ಲ. ಅಷ್ಟೇ ಒತ್ತಿದರೂ ಸುಮಾರು ಎಂಟನೇ ಒಂದು ಪಾಲು ಹೆಚ್ಚು ಹಿಡಿತ ಸಿಗುತ್ತದೆ, ಬಿಸಿಯೂ ಬೇಗ ಆರುತ್ತದೆ. ನಂದಿ ಇಳಿಯುವವರಿಗೆ ಅದು ಕೈಗೆ ಗೊತ್ತಾಗುತ್ತದೆ. ಆದರೆ ನಿಮ್ಮ ಫೋರ್ಕ್ (ಮುಂದಿನ ಚಕ್ರ ಹಿಡಿಯುವ ಕವಲು) 180 ತಡೆಯುತ್ತದಾ ಅಂತ ಫೋರ್ಕ್ ಕಂಪನಿಯ ಪುಸ್ತಕದಲ್ಲಿ ಮೊದಲು ನೋಡಿ. 160 ಮಾತ್ರ ಅಂತ ಬರೆದಿದ್ದರೆ ಅಲ್ಲಿಗೆ ಬಿಟ್ಟುಬಿಡಿ, ದೊಡ್ಡ ಡಿಸ್ಕ್‌ನ ಎಳೆತ ಫೋರ್ಕ್‌ನ ಕಾಲಿನ ಮೇಲೇ ಬೀಳುತ್ತದೆ. ತಡೆಯುತ್ತದೆ ಅಂತಿದ್ದರೆ ಕ್ಯಾಲಿಪರ್‌ ಅನ್ನು 10 ಮಿ.ಮೀ. ಹೊರಗೆ ಸರಿಸುವ ಅಡಾಪ್ಟರ್ ಮತ್ತು ಅದಕ್ಕೆ ತಕ್ಕ ಉದ್ದದ ಬೋಲ್ಟ್ ಬೇಕು. ಹಿಂದಿನ ಚಕ್ರಕ್ಕೆ 160 ಸಾಕು.

ನಾನಾದರೆ ನಿಮಗೆ ಆರ್‌ಟಿ66 ಹಾಕಿ, ಈಗಿನ ರೆಸಿನ್ ಪ್ಯಾಡನ್ನೇ ಮುಂದುವರಿಸುತ್ತೇನೆ. ಮುಂದೆ ಮೆಟಲ್ ಬೇಕೆನಿಸಿದರೂ ಡಿಸ್ಕ್ ಬದಲಿಸಬೇಕಾಗಲ್ಲ.

ಹಾಕುವಾಗ ಟಿ25 ಸ್ಟಾರ್ ಕೀ ಬೇಕು. ಆರನ್ನೂ ಸಡಿಲವಾಗಿ ಹಾಕಿ, ಎದುರುಬದುರು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಶಿಮಾನೊ ಹೇಳುವುದು 2ರಿಂದ 4 ನ್ಯೂಟನ್ ಮೀಟರ್. ಸುಮ್ನೆ ಬಲ ಬಿಟ್ಟರೆ ಬೋಲ್ಟ್ ತಲೆ ಉರುಟಾಗುತ್ತದೆ. ಡಿಸ್ಕ್ ಮೇಲಿನ ಬಾಣ ಚಕ್ರ ಮುಂದಕ್ಕೆ ತಿರುಗುವ ದಿಕ್ಕಿಗೇ ಇರಲಿ. ಚಕ್ರ ಹೊರಗಿರುವಾಗ ಲೀವರ್ ಒತ್ತಬೇಡಿ, ಪ್ಯಾಡ್‌ಗಳು ಒಂದಕ್ಕೊಂದು ಅಂಟಿಬಿಡುತ್ತವೆ.

ಹೊಸ ಡಿಸ್ಕನ್ನು ಐಸೋಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಬೆರಳು ತಾಗಿಸದೆ ಹಾಕಿ. ಚೈನ್‌ಗೆ ಹೊಡೆಯುವ ಸ್ಪ್ರೇ ಹತ್ತಿರವೂ ಸುಳಿಯಬಾರದು. ಆಮೇಲೆ ಖಾಲಿ ರಸ್ತೆಯಲ್ಲಿ ಹದವಾದ ವೇಗದಿಂದ 20 ಸಲ ನಿಧಾನಕ್ಕೆ ಬ್ರೇಕ್ ಒತ್ತಿ, ಪೂರ್ತಿ ನಿಲ್ಲುವ ಮುಂಚೆ ಬಿಡಿ. ಅದಾದ ಮೇಲೆ ಸ್ವಲ್ಪ ಜೋರು ವೇಗದಿಂದ ಇನ್ನೊಂದು 10 ಸಲ. ಚಕ್ರ ಲಾಕ್ ಆಗಬಾರದು. ಮೊದಲ ನಾಲ್ಕೈದು ಸಲ ಹಿಡಿತವೇ ಇಲ್ಲ ಅನ್ನಿಸುತ್ತದೆ, ಗಾಬರಿ ಬೇಡ. ಹತ್ತು ದಾಟುವಷ್ಟರಲ್ಲಿ ಲೀವರ್ ಕೆಳಗೆ ಅದು ಕಚ್ಚೋದು ಗೊತ್ತಾಗುತ್ತದೆ.