ಕಾರವಾರದಲ್ಲಿ 1978ರ ಪದ್ಮಿನಿಗೆ ಪೂರ್ತಿ ಪೇಂಟ್: 38 ಸಾವಿರಕ್ಕೂ 1.35 ಲಕ್ಷಕ್ಕೂ ಏನು ವ್ಯತ್ಯಾಸ?

ನೀಲಿ_ಪದ್ಮಿನಿ (ಕೋಡಿಬಾಗ)

ಗಾಡಿ 1978ರ ಪ್ರೀಮಿಯರ್ ಪದ್ಮಿನಿ, ತಿಳಿನೀಲಿ. ಎಂಜಿನ್ ಸರಿ ಇದೆ, ತಲೆನೋವೆಲ್ಲ ಬಾಡಿಯದ್ದು. ಹಳೇ ಬಣ್ಣದ ಮೇಲೆ ಎರಡು ಸಲವಾದರೂ ಬಣ್ಣ ಬಿದ್ದಿದೆ, ಡೋರ್ ಅಂಚು ಕೆರೆದರೆ ಪದರ ಎಣಿಸಬಹುದು. ರನ್ನಿಂಗ್ ಬೋರ್ಡ್ (ಡೋರುಗಳ ಕೆಳಗಿನ ತಗಡಿನ ಪೆಟ್ಟಿಗೆ) ಉದ್ದಕ್ಕೂ ಗುಳ್ಳೆ. ಮುಂದಿನ ಗಾಜಿನ ಬೀಡಿಂಗ್ (ಸುತ್ತಲಿನ ರಬ್ಬರ್ ಪಟ್ಟಿ) ಅಡಿಯಿಂದ ಕಂದು ನೀರು ಇಳಿದ ಗುರುತು. ಎಡಗಡೆ ಹಿಂದಿನ ಡೋರಿನ ತಳಕ್ಕೆ ಸ್ಕ್ರೂಡ್ರೈವರ್ ಒತ್ತಿದರೆ ಒಳಗೇ ಹೋಗ್ತದೆ. ಟಾಪ್ ಮತ್ತು ಡಿಕ್ಕಿ ಬಾಗಿಲು ಮಾತ್ರ ಗಟ್ಟಿ.

ಎರಡು ಕಡೆ ದರ ಕೇಳಿ ಆಯ್ತು. ಒಬ್ಬರು 38,000, ಹತ್ತು ದಿನ. ಇನ್ನೊಬ್ಬರು 1,35,000, ಏಳು ವಾರ. ಇಬ್ಬರೂ ಹೇಳೋದು "ಫುಲ್ ಬಾಡಿ ಪೇಂಟ್" ಅಂತಲೇ. ವ್ಯತ್ಯಾಸ ಎಲ್ಲಿ? ಎನ್‌ಸಿ (ನೈಟ್ರೋಸೆಲ್ಯುಲೋಸ್ ಬಣ್ಣ) ಹೊಡೆಸೋದೋ, ಪಿಯು (ಪಾಲಿಯುರೆಥೇನ್ ಬಣ್ಣ) ಹೊಡೆಸೋದೋ? ಪೇಂಟರನ್ನು ಮನೆಯ ಶೆಡ್ಡಿಗೇ ಕರೆಸಿದರೆ ಅಗ್ಗ ಆಗಬಹುದಾ? ದೀಪಾವಳಿ ಮುಗಿದ ಮೇಲೆ ಶುರು ಮಾಡೋ ಅಂದಾಜು.

---

ಗನ್_ನಾಝಲ್ (ಕುಮಟಾ)

ಎರಡೂ ದರ ನ್ಯಾಯವಾದದ್ದೇ, ಕೆಲಸ ಬೇರೆ ಬೇರೆ. ಕೂಲಿಯ ಲೆಕ್ಕ ಹಾಕಿ ನೋಡಿ, ತಾನೇ ಗೊತ್ತಾಗ್ತದೆ.

ಗಾಜು, ಬೀಡಿಂಗ್, ಗ್ರಿಲ್, ಬಂಪರ್, ಹ್ಯಾಂಡಲ್ ಬಿಚ್ಚೋದಕ್ಕೆ ಒಬ್ಬ ಆಳಿಗೆ 2 ದಿನ. ಹಳೇ ಬಣ್ಣ ಕಿತ್ತು ತಗಡಿಗೆ ಇಳಿಸೋದು 6. ಟಿಂಕರಿಂಗ್, ವೆಲ್ಡಿಂಗ್ 8, ನೀವು ಹೇಳಿದ ತುಕ್ಕಿಗೆ ಇದು ಕಡಿಮೆಯೇ. ಪುಟ್ಟಿ ಹಾಕಿ ಉಜ್ಜೋದು 8, ಸರ್ಫೇಸರ್ (ಬಣ್ಣದ ಕೆಳಗೆ ನಯಕ್ಕೆ ಹೊಡೆಯುವ ಪದರ) ಹೊಡೆದು ಮತ್ತೆ ಉಜ್ಜೋದು 4, ಬಣ್ಣ 2, ಪಾಲಿಷ್ 3, ಮರುಜೋಡಣೆ 4. ಒಟ್ಟು ಒಬ್ಬ ಆಳಿನ 37 ದಿನ. ದಿನಕ್ಕೆ ಸಾವಿರ ಅಂತ ಹಿಡಿದರೂ 37,000 ಬರೀ ಕೂಲಿ. ಅಂದರೆ 38 ಸಾವಿರದವರಿಗೆ ಬಣ್ಣದ ಡಬ್ಬಿಗೆ ಉಳಿಯೋದು ಒಂದು ಸಾವಿರ! ಹಾಗಾಗಿ ಅವರು ಮೊದಲಿನ ಮೂರು ಹೆಜ್ಜೆ ಹಾರ್ತಾರೆ: ಗಾಜು ಬಿಚ್ಚದೆ ಟೇಪ್ ಹಚ್ಚಿ, ಗುಳ್ಳೆ ಕೆರೆದು, ಪುಟ್ಟಿ ತುಂಬಿ, ಮೇಲಿಂದ ಬಣ್ಣ. ತುಕ್ಕಿಲ್ಲದ ಗಾಡಿಗೆ ಅದೂ ತಕ್ಕಮಟ್ಟಿಗೆ ನಡೀತದೆ. ನಿಮ್ಮದಕ್ಕೆ ಒಂದು ಮಳೆಗಾಲ ದಾಟೋದೂ ಅನುಮಾನ.

ಸಾಮಾನಿನ ಲೆಕ್ಕ ಹೀಗಿದೆ, ಡೋರಿನ ಒಳ ಅಂಚು ಮತ್ತು ಡಿಕ್ಕಿ ಒಳಭಾಗ ಸೇರಿ: ತಗಡಿಗೆ ಮೊದಲು ಬೀಳುವ ಎಪಾಕ್ಸಿ ಪ್ರೈಮರ್ ಬೆರೆಸಿದ್ದು 2 ಲೀಟರ್, ಪಾಲಿಯೆಸ್ಟರ್ ಪುಟ್ಟಿ 3ರಿಂದ 4 ಕೆಜಿ, ಟೂಕೆ (ಹಾರ್ಡ್‌ನರ್ ಬೆರೆಸಿ ಹೊಡೆಯುವ) ಸರ್ಫೇಸರ್ 3 ಲೀಟರ್, ಬಣ್ಣ ಹಾರ್ಡ್‌ನರ್ ಸೇರಿ 4 ಲೀಟರ್, ಗನ್ ತೊಳೆಯೋದೂ ಸೇರಿ ಥಿನ್ನರ್ 10 ಲೀಟರ್, 80ರಿಂದ 2000 ನಂಬರಿನವರೆಗೆ ಉಜ್ಜುವ ಪೇಪರ್ 70 ಹಾಳೆ. ಒಳ್ಳೇ ಕಂಪನಿಯದ್ದು ತಗೊಂಡರೆ ನನ್ನ ಅಂದಾಜು 40 ಸಾವಿರದ ಆಸುಪಾಸು. ಹೊಸ ಬೀಡಿಂಗ್, ತಗಡು, ಗ್ಯಾಸ್, ಬಣ್ಣ ಹೊಡೆಯುವ ಬೂತಿನ ಬಾಡಿಗೆ, ಗ್ಯಾರೇಜಿನವರ ಲಾಭ ಸೇರಿಸಿ. 1.35 ಲಕ್ಷ ಹೆಚ್ಚೇನಲ್ಲ. ಕ್ರೋಮ್ ಪ್ಲೇಟಿಂಗ್ ಇದರಲ್ಲಿ ಬರೋದಿಲ್ಲ, ಕೇಳಿಕೊಳ್ಳಿ.

ಎನ್‌ಸಿ ಬೇಡ. ಅದು ಥಿನ್ನರ್ ಹಾರಿ ಒಣಗುವ ಬಣ್ಣ. ವರ್ಷ ಕಳೆದರೂ ಥಿನ್ನರ್‌ಗೆ ಕರಗ್ತದೆ, ಟ್ಯಾಂಕ್ ಮುಚ್ಚಳದ ಹತ್ತಿರ ಪೆಟ್ರೋಲ್ ಚೆಲ್ಲಿದರೂ ಕಲೆ. ನಮ್ಮ ಕರಾವಳಿಯ ತೇವದಲ್ಲಿ ಇನ್ನೊಂದು ಕಾಟ: ಥಿನ್ನರ್ ಬೇಗ ಹಾರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರು ಅಲ್ಲೇ ಕೂತು ಬಣ್ಣ ಹಾಲಿನಂತೆ ಬಿಳಿಚಿಕೊಳ್ತದೆ. ಟೂಕೆ ಪಿಯು ಹಾರ್ಡ್‌ನರ್ ಜೊತೆ ಕೂಡಿ ಗಟ್ಟಿಯಾಗೋದು, ಮತ್ತೆ ಕರಗೋದಿಲ್ಲ. ತಿಳಿನೀಲಿ ಸಾದಾ ಬಣ್ಣವಾದ್ದರಿಂದ ಮೇಲೆ ಕ್ಲಿಯರ್ ಕೋಟ್ ಬೇಕಿಲ್ಲ. ಟೂಕೆ ಸಿಂಗಲ್ ಸ್ಟೇಜ್ ಮೂರು ಕೋಟ್ ಸಾಕು. ಕ್ಲಿಯರ್ ಹೊಡೆದ ಹಳೇ ಗಾಡಿ ಪ್ಲಾಸ್ಟಿಕ್ ಸುತ್ತಿದ ಹಾಗೆ ಕಾಣ್ತದೆ, ಪದ್ಮಿನಿಗೆ ಒಪ್ಪೋದಿಲ್ಲ.

ಈಗ ಮೇಲಿರೋದು ಯಾವ ಬಣ್ಣ ಅಂತ ನೋಡೋಕೆ ಹತ್ತಿಯನ್ನು ಥಿನ್ನರ್‌ನಲ್ಲಿ ಅದ್ದಿ ಡಿಕ್ಕಿ ಒಳಗೆ ಅರ್ಧ ನಿಮಿಷ ಉಜ್ಜಿ. ಹತ್ತಿ ನೀಲಿಯಾದರೆ ಎನ್‌ಸಿ, ಚರ್ಮ ಸುಕ್ಕಾದ ಹಾಗೆ ಎದ್ದರೆ ಎನಾಮೆಲ್, ಏನೂ ಆಗದಿದ್ದರೆ ಟೂಕೆ. ಮೊದಲಿನ ಎರಡರ ಮೇಲೆ ನೇರವಾಗಿ ಪಿಯು ಹೊಡೆದರೆ ಅದರ ಥಿನ್ನರ್ ಕೆಳಗಿನದನ್ನು ಕಚ್ಚಿ ಎಬ್ಬಿಸ್ತದೆ.

---

ತುಕ್ಕುವೈರಿ (ಅಂಕೋಲಾ)

ಬಣ್ಣದ ಮಾತು ಆಮೇಲೆ ಮಾರಾಯ್ರೆ, ಮೊದಲು ರನ್ನಿಂಗ್ ಬೋರ್ಡ್. ಪದ್ಮಿನಿಗೆ ಜೀಪಿನ ಹಾಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಆ ಪೆಟ್ಟಿಗೆಯೇ ಭಾರ ಹೊರೋದು. ಹೊರಗಿನ ಗುಳ್ಳೆ ಒಳಗಿಂದ ಬಂದದ್ದಾದರೆ ಮೇಲೆ ತಗಡು ಮುಚ್ಚಿ ಬೆಸೆಯೋದು ಗಾಯಕ್ಕೆ ಬಟ್ಟೆ ಕಟ್ಟಿದ ಹಾಗೆ. ಕೊಳೆತದ್ದನ್ನು ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, ಸುಮಾರು 1 ಮಿ.ಮೀ. ದಪ್ಪದ ತಗಡು ಕೂರಿಸಿ, ಸಿಒಟು (ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ) ವೆಲ್ಡಿಂಗಿನಲ್ಲಿ ಚುಕ್ಕಿ ಚುಕ್ಕಿಯಾಗಿ ಬೆಸೆಯಬೇಕು. ಒಂದೇ ಉಸಿರಿಗೆ ಎಳೆದರೆ ಕಾದು ಸೊಟ್ಟಾಗ್ತದೆ. ಕತ್ತರಿಸುವ ಮೊದಲು ಬಾಡಿಗೆ ಅಡಿಯಿಂದ ಆಸರೆ ಕೊಟ್ಟು, ಡೋರಿನ ಕಂಡಿಗೆ ಅಡ್ಡಪಟ್ಟಿ ಬೆಸೆದಿಡಿ. ಇಲ್ಲದಿದ್ದರೆ ಕೆಲಸ ಮುಗಿದ ಮೇಲೆ ಡೋರ್ ಕೂರೋದಿಲ್ಲ.

ಗಾಜು ತೆಗೆಸದೆ ಬಣ್ಣ ಬೇಡವೇ ಬೇಡ. ಕಂದು ನೀರು ಇಳಿದಿದೆ ಅಂದರೆ ಬೀಡಿಂಗ್ ಅಡಿಯ ತಗಡಿನ ಅಂಚು ಕೊಳೆತಿದೆ. ಮ್ಯಾಟ್ ಎತ್ತಿ ಫ್ಲೋರ್, ಡಿಕ್ಕಿಯ ಸ್ಟೆಪ್ನಿ ಜಾಗ, ಬ್ಯಾಟರಿ ತಟ್ಟೆ, ಹೆಡ್‌ಲೈಟ್ ಬಟ್ಟಲು ಇವೂ ನೋಡಿಸಿ.

ನಮ್ಮ ಕಡೆ ಮುಖ್ಯ ವೈರಿ ಉಪ್ಪು. ತಗಡಿನ ಹೊಂಡಗಳಲ್ಲಿ ಉಪ್ಪು ಉಳಿದರೆ ಮೇಲೆ ಎಷ್ಟೇ ದುಬಾರಿ ಬಣ್ಣ ಬಳಿದರೂ ಅದು ಪದರದ ಮೂಲಕ ನೀರನ್ನು ಎಳೆದುಕೊಂಡು ಗುಳ್ಳೆ ಎಬ್ಬಿಸ್ತದೆ. ತಗಡಿಗೆ ಇಳಿಸಿದ ಮೇಲೆ ಸಿಹಿನೀರಲ್ಲಿ ತೊಳೆದು, ಗಾಳಿ ಹೊಡೆದು ಒಣಗಿಸಿ, ತುಕ್ಕಿನ ಹೊಂಡಕ್ಕೆ ಫಾಸ್ಫಾರಿಕ್ ಆಮ್ಲದ ದ್ರಾವಣ ಹಚ್ಚಿ. ಉಳಿದ ಆಮ್ಲವನ್ನು ಡಬ್ಬಿಯಲ್ಲಿ ಹೇಳಿದ ಹಾಗೆ ತೊಳೆದು ತೆಗೀಲೇಬೇಕು, ಇದ್ದರೆ ಎಪಾಕ್ಸಿ ಹಿಡಿಯೋದಿಲ್ಲ. ಎಪಾಕ್ಸಿ ಅದೇ ದಿನ ಬೀಳಬೇಕು. ಕಾರವಾರದಲ್ಲಿ ಬರೀ ತಗಡು ರಾತ್ರಿ ಬಿಟ್ಟರೆ ಬೆಳಿಗ್ಗೆ ಅರಿಶಿನ ಸವರಿದ ಹಾಗೆ ಹಳದಿ ತಿರುಗಿರ್ತದೆ. ಅದಕ್ಕೇ ಒಂದೇ ಸಲ ಇಡೀ ಗಾಡಿ ಇಳಿಸೋದಕ್ಕಿಂತ ದಿನಕ್ಕೆ ಎರಡು ಪ್ಯಾನೆಲ್ ಲೇಸು.

ಪುಟ್ಟಿ ಎಪಾಕ್ಸಿಯ ಮೇಲೆ, ಬರೀ ತಗಡಿನ ಮೇಲಲ್ಲ. ದಪ್ಪ 2 ಮಿ.ಮೀ. ಮೀರಬಾರದು. ಪುಟ್ಟಿಯನ್ನು ನೀರು ಹಾಕಿ ಉಜ್ಜುವ ಚಾಳಿ ನಮ್ಮ ಗ್ಯಾರೇಜುಗಳಲ್ಲಿ ಇನ್ನೂ ಇದೆ. ಪುಟ್ಟಿ ಸ್ಪಂಜಿನ ಹಾಗೆ ನೀರು ಕುಡೀತದೆ, ಆ ನೀರು ಆರು ತಿಂಗಳ ಮೇಲೆ ಗುಳ್ಳೆಯಾಗಿ ಎದ್ದು ಬರ್ತದೆ. ಒಣದಾಗಿಯೇ ಉಜ್ಜಿಸಿ, ನೀರು ಸರ್ಫೇಸರ್ ಬಿದ್ದ ಮೇಲೆ. ಬೇಗ ಗಟ್ಟಿಯಾಗಲಿ ಅಂತ ಪುಟ್ಟಿಗೆ ಹಾರ್ಡ್‌ನರ್ ಜಾಸ್ತಿ ಹಿಂಡಿದರೆ ತಿಳಿಬಣ್ಣದ ಮೇಲೆ ಕಲೆಯಾಗಿ ಮೂಡ್ತದೆ.

---

ದೇವಿಮನೆ_ತಿರುವು (ಶಿರಸಿ)

ಮೇಲಿನವರು ಹೇಳಿದ್ದರಲ್ಲಿ ಒಂದಕ್ಕೆ ನನ್ನ ತಕರಾರಿದೆ. ಗಟ್ಟಿ ಇರುವ ಟಾಪನ್ನೂ ಡಿಕ್ಕಿ ಬಾಗಿಲನ್ನೂ ತಗಡಿಗೆ ಇಳಿಸಬೇಕೆಂದೇನಿಲ್ಲ. ಬ್ಲೇಡಿನಿಂದ 2 ಮಿ.ಮೀ. ಅಂತರದಲ್ಲಿ ಅಡ್ಡ ಆರು, ಉದ್ದ ಆರು ಗೀರು ಎಳೆದು, ಟೇಪ್ ಒತ್ತಿ ಅಂಟಿಸಿ ಸರಕ್ಕನೆ ಕೀಳಿ. ಚೌಕಗಳು ಟೇಪಿಗೆ ಬರದಿದ್ದರೆ ಕೆಳಗಿನ ಬಣ್ಣ ಹಿಡಿದಿದೆ. 320 ನಂಬರಿನ ಪೇಪರಿನಲ್ಲಿ ಉಜ್ಜಿ ಎಪಾಕ್ಸಿಯನ್ನೇ ಸೀಲರ್ (ಹಳೇ ಬಣ್ಣ ಮುಚ್ಚುವ ಪದರ) ಆಗಿ ಹೊಡೆದರೆ ಸಾಕು. ಆದರೆ ಹತ್ತಿಯ ಪರೀಕ್ಷೆಯಲ್ಲಿ ಎನ್‌ಸಿ ಅಂತ ಬಂದರೆ ಮಾತು ವಾಪಸ್, ಇಳಿಸಿಬಿಡಿ.

ಹವೆಯ ವಿಷಯ. ಡಿಸೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಬಣ್ಣ ಬೀಳುವ ಹಾಗೆ ಲೆಕ್ಕ ಹಾಕಿ. ದೀಪಾವಳಿಗೆ ಬಿಚ್ಚಿದರೆ ಏಳು ವಾರಕ್ಕೆ ಸರಿಹೋಗುತ್ತೆ. ಕಾರವಾರದಲ್ಲಿ ಆ ದಿನಗಳಲ್ಲಿ ಬೆಳಿಗ್ಗೆ ಗಾಳಿ ಘಟ್ಟದ ಕಡೆಯಿಂದ, ಒಣದು. ಮಧ್ಯಾಹ್ನದ ಮೇಲೆ ಕಡಲ ಗಾಳಿ ತಿರುಗಿದರೆ ತೇವ, ಉಪ್ಪು ಎರಡೂ. ಹಾಗಾಗಿ ಹತ್ತರಿಂದ ಹನ್ನೆರಡೂವರೆಯೊಳಗೆ ಕೊನೇ ಕೋಟ್ ಮುಗೀಬೇಕು. ತಗಡಿನ ಬಿಸಿ ಇಬ್ಬನಿ ಕೂರುವ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು. 28 ಡಿಗ್ರಿ ಬಿಸಿ, ಶೇ 80 ತೇವ ಇದ್ದರೆ ಇಬ್ಬನಿ ಕೂರೋದು ಸುಮಾರು 24ಕ್ಕೆ. ರಾತ್ರಿಯೆಲ್ಲ ತಣ್ಣಗಿದ್ದ ಶೆಡ್ಡಿನಲ್ಲಿ ಬೆಳಿಗ್ಗೆ ಎಂಟಕ್ಕೆ ಬಾನೆಟ್ ಮುಟ್ಟಿ ನೋಡಿ, ಕೈಗೇ ಒದ್ದೆ ಅಂಟುತ್ತೆ. ಅದರ ಮೇಲೆ ಪಿಯು ಬಿದ್ದರೆ ಹಾರ್ಡ್‌ನರ್ ನೀರಿನ ಜೊತೆಯೇ ಕೂಡಿ ಗಾಳಿಗುಳ್ಳೆ ಬಿಡುತ್ತೆ, ಹೊಳಪು ಸಾಯುತ್ತೆ.

ಘಟ್ಟದ ಮೇಲೆ ಅಗ್ಗ ಅಂತ ಶಿರಸಿಗೆ ತರುವವರೂ ಇದ್ದಾರೆ. ಇಲ್ಲಿ ಉಪ್ಪಿಲ್ಲ ನಿಜ, ಆದರೆ ಸಂಜೆ ನಾಲ್ಕೂವರೆಗೇ ಚಳಿ ಇಳಿಯುತ್ತೆ, ಅದೇ ತಿಂಗಳುಗಳಲ್ಲಿ ಮನೆಮನೆಯಲ್ಲಿ ಅಡಿಕೆ ಬೇಯಿಸುವ ಒಲೆ. ಹೊಗೆಯ ಮಸಿ ಹಸಿ ಬಣ್ಣದ ಮೇಲೆ ಬಂದು ಕೂರುತ್ತೆ.

ಮನೆ ಶೆಡ್ಡಿನಲ್ಲಿ ಪಿಯು ಬೇಡ. ಅದರ ಹಾರ್ಡ್‌ನರ್‌ನಲ್ಲಿರೋದು ಐಸೊಸೈನೇಟ್. ಉಸಿರಲ್ಲಿ ಹೋದರೆ ಆಸ್ತಮಾ ಹಿಡಿಸುತ್ತೆ, ಬಟ್ಟೆ ಮಾಸ್ಕ್ ಲೆಕ್ಕಕ್ಕಿಲ್ಲ. ಪಕ್ಕದ ಮನೆಯವರೂ ಅದೇ ಗಾಳಿ ಕುಡಿಯೋದು.

---

ನೀಲಿ_ಪದ್ಮಿನಿ

ಉಪಕಾರ. ಹತ್ತಿಯಲ್ಲಿ ಉಜ್ಜಿದೆ, ಕಡುನೀಲಿ ಬಂತು, ಅಂದರೆ ಎನ್‌ಸಿ. ಟಾಪೂ ಇಳಿಸೋದೇ. ಒಂದು ಕೇಳೋದಿದೆ: ಗೇಟ್, ಗ್ರಿಲ್ ಮಾಡುವ ಕಡೆ ಸ್ಯಾಂಡ್ ಬ್ಲಾಸ್ಟಿಂಗ್ ಇದೆ, ಒಂದೇ ದಿನದ ಕೆಲಸ ಅಂತಾರೆ. ಇಳಿಸೋ ಆರು ದಿನದ ಕೂಲಿ ಉಳೀತದಲ್ಲ? ಮತ್ತೆ ಬಣ್ಣ ಮಿಲಿಟರಿ ಹಸಿರಿಗೆ ಬದಲಿಸೋ ಆಸೆ ಮನೆಯವರದ್ದು.

---

ತುಕ್ಕುವೈರಿ

ಗೇಟಿನ ಪೈಪಿಗೆ ಹೊಡೆಯುವ ಒತ್ತಡ ಬಾನೆಟ್ಟಿಗೆ ಬಿದ್ದರೆ ಮುಗೀತು. ಟಾಪ್, ಬಾನೆಟ್, ಡೋರಿನಂಥ ಅಗಲ ತಗಡು ಹಿಗ್ಗಿ ಅಲೆ ಏಳ್ತದೆ, ಬಡಿದು ಸರಿಮಾಡುವ ಕೂಲಿ ಉಳಿಸಿದ್ದಕ್ಕಿಂತ ಹೆಚ್ಚು. ಅವರು ಬಳಸೋದು ಕಡಲ ಮರಳಾದರಂತೂ ಉಪ್ಪನ್ನು ನಾವೇ ತಗಡಿಗೆ ಹೊಡೆದ ಹಾಗೆ. ಅಗಲದ ಜಾಗಕ್ಕೆ ಪೇಂಟ್ ರಿಮೂವರ್ ಮತ್ತು 80 ಪೇಪರ್ ಸಾಕು. ರಿಮೂವರ್ ಸಂದಿಗೆ, ಜೋಡಣೆಯ ಮಡಿಕೆಗೆ ಇಳಿಯದಂತೆ ಒಂದು ಇಂಚು ಬಿಟ್ಟು ಹಚ್ಚಿಸಿ. ಅಲ್ಲಿ ಉಳಿದದ್ದು ಹೊಸ ಬಣ್ಣವನ್ನೂ ಎಬ್ಬಿಸ್ತದೆ.

---

ಗನ್_ನಾಝಲ್

ಮಿಲಿಟರಿ ಹಸಿರು ಅಂದರೆ ಆಲಿವ್ ಗ್ರೀನ್ ಆದರೆ ಕೈಬಿಡಿ. ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದಂತೆ ಅದು ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ. ಬೇರೆ ಹಸಿರಾದರೂ ಆರ್‌ಸಿಯಲ್ಲಿ ಬಣ್ಣ ತಿದ್ದಿಸಬೇಕು, ಇಲ್ಲದಿದ್ದರೆ ಐದು ವರ್ಷಕ್ಕೊಮ್ಮೆ ನವೀಕರಣಕ್ಕೆ ಗಾಡಿ ತೋರಿಸುವಾಗ ತಕರಾರು. ಇನ್ನೊಂದು, ಗಾಢ ಬಣ್ಣದಲ್ಲಿ ಉಜ್ಜಿದ್ದರ ಕೊರತೆಯೆಲ್ಲ ಎದ್ದು ಕಾಣ್ತದೆ. ತಿಳಿನೀಲಿ ಕ್ಷಮಿಸ್ತದೆ.

ಗ್ಯಾರೇಜಿನಲ್ಲಿ ಕಂಪ್ರೆಸರ್ ಪೈಪ್ ನೋಡಿ. ನೀರಿನ ಟ್ರ್ಯಾಪ್ ಕಂಪ್ರೆಸರ್ ಬುಡಕ್ಕೇ ಇದ್ದರೆ ಪ್ರಯೋಜನ ಇಲ್ಲ, ಗಾಳಿ ಅಲ್ಲಿ ಇನ್ನೂ ಬಿಸಿ. ಏಳೆಂಟು ಮೀಟರ್ ದೂರ, ತಣ್ಣಗಾದ ಮೇಲೆ ನೀರು ಸಿಗೋದು. ಡ್ಯಾಶ್‌ಬೋರ್ಡ್ ಹೊಳಪಿಸುವ ಸಿಲಿಕಾನ್ ಸ್ಪ್ರೇ ಆ ಶೆಡ್ಡಿನಲ್ಲಿ ಬಳಸ್ತಿದ್ದರೆ ಬಣ್ಣದ ತುಂಬ ಮೀನಿನ ಕಣ್ಣಿನಂಥ ಗುಂಡಿ ಬೀಳ್ತದೆ.

---

ದೇವಿಮನೆ_ತಿರುವು

ದುಡ್ಡು ಮೂರು ಕಂತು ಮಾಡಿ: ಬಿಚ್ಚುವಾಗ ಒಂದಿಷ್ಟು, ಎಪಾಕ್ಸಿ ಬಿದ್ದ ಗಾಡಿ ಕಣ್ಣಾರೆ ನೋಡಿ ಒಂದಿಷ್ಟು, ಉಳಿದದ್ದು ಗಾಡಿ ತರುವಾಗ. ಎಪಾಕ್ಸಿ ಹಂತದ ಫೋಟೊ ಪ್ರತಿ ಪ್ಯಾನೆಲ್ಲಿನದ್ದೂ ಕೇಳಿ.

ತರುವ ದಿನ ತೆಳು ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ಒಯ್ಯಿರಿ. ಡೋರಿನ ತಳದಲ್ಲಿ ಅದು ಜಾರಿ ಬಿದ್ದರೆ ಒಳಗೆ ಪುಟ್ಟಿಯ ಗೋಡೆ. ಬಣ್ಣದ ದಪ್ಪ ಅಳೆಯುವ ಮೀಟರ್ ಸಿಕ್ಕಿದರೆ ಪುಟ್ಟಿ ಇಲ್ಲದ ಜಾಗದಲ್ಲಿ 180ರಿಂದ 220 ಮೈಕ್ರಾನ್ ಇದ್ದರೆ ಸರಿ. ಆಮೇಲೆ ಒಂದು ಬೆಂಕಿಕಡ್ಡಿ ಹಿಡಿದು ನಾಲ್ಕೂ ಡೋರಿನ ತಳದ ನೀರಿನ ತೂತು, ರನ್ನಿಂಗ್ ಬೋರ್ಡಿನ ತೂತು ಚುಚ್ಚಿ ನೋಡಿ. ಅರ್ಧಕ್ಕರ್ಧ ಬಣ್ಣ, ಸೀಲರ್ ತುಂಬಿ ಮುಚ್ಚಿರುತ್ತೆ. ಅವು ತೆರೆದ ಮೇಲೆ ಅದೇ ದಾರಿಯಲ್ಲಿ ಕ್ಯಾವಿಟಿ ವ್ಯಾಕ್ಸ್ (ಪೊಳ್ಳು ಜಾಗಕ್ಕೆ ತುಕ್ಕು ತಡೆಯುವ ಮೇಣ) ಒಳಗೆ ಹೊಡೆಸಿ.

ಎರಡು ತಿಂಗಳು ಮೇಣದ ಪಾಲಿಷ್ ಬೇಡ, ಪ್ಲಾಸ್ಟಿಕ್ ಕವರ್ ಯಾವತ್ತೂ ಬೇಡ. ಮಳೆಗಾಲದಲ್ಲಿ ಅದರ ಒಳಗೆ ಬೆವರಿದ ನೀರು ಸಂಜೆಯಾದರೂ ಆರೋದಿಲ್ಲ.