ಬಡ್ಡಿಯಾ, ಮೈಲ್ಸಾ? ಮಕ್ಕಳಿರುವ ಮನೆಯವರಿಗೆ ನನ್ನ ಉತ್ತರ

ಅಮೆರಿಕಕ್ಕೆ ಬಂದು ಈಗಷ್ಟೇ ನೆಲೆಯೂರುತ್ತಿರುವ ದಂಪತಿ ಈ ಗುಂಪಿನಲ್ಲಿ ಕೇಳಿದ್ದಾರೆ: ಉಳಿತಾಯದ ದುಡ್ಡನ್ನು ಬಡ್ಡಿ ಬರುವ ಅಕೌಂಟಿನಲ್ಲಿ ಇಡಬೇಕಾ, ಇಲ್ಲ ಮೈಲ್ಸ್ (ವಿಮಾನದ ಟಿಕೆಟ್ ತೆಗೆಯಲು ಬಳಸುವ ಏರ್‌ಲೈನಿನ ಪಾಯಿಂಟ್ಸ್) ಬರುವ ಅಕೌಂಟಿನಲ್ಲಿ ಇಡಬೇಕಾ? ಅದಕ್ಕೆ ಮೇಲೆ ಬಂದಿರುವುದೆಲ್ಲ ಒಂದೊಂದು ಸಾಲಿನ ಉತ್ತರ. ಅರ್ಧ ಜನ ಮೈಲ್ಸ್ ತಗೊಳ್ಳಿ, ಊರಿಗೆ ಫ್ರೀ ಟಿಕೆಟ್ ಅಂದಿದ್ದೀರಿ. ಇನ್ನರ್ಧ ಜನ ದುಡ್ಡೇ ದುಡ್ಡು, ಬಡ್ಡಿ ತಗೊಳ್ಳಿ ಅಂದಿದ್ದೀರಿ. ಅವರ ಪರಿಸ್ಥಿತಿ ನೋಡಿ: ಸ್ಕೂಲಿಗೆ ಹೋಗುವ ಇಬ್ಬರು ಮಕ್ಕಳು, ಬೆಂಗಳೂರಿನಲ್ಲಿ ವಯಸ್ಸಾದ ಅಪ್ಪ ಅಮ್ಮ, ಕೈಯಲ್ಲಿ ಒಂದಷ್ಟು ಉಳಿತಾಯ. ಈ ಗುಂಪಿನಲ್ಲಿ ಬಹಳ ಮನೆಗಳ ಕಥೆ ಇದೇ ಅಲ್ವಾ? ಹಾಗಾಗಿ ಸ್ವಲ್ಪ ಉದ್ದ ಆದರೂ ಪರವಾಗಿಲ್ಲ ಅಂತ ಕೂತು ಬರೆಯುತ್ತಿದ್ದೇನೆ.

ವಿಷಯ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಬಾಸ್ಕ್ ಬ್ಯಾಂಕ್ ಅಂತ ಒಂದಿದೆ, ಟೆಕ್ಸಾಸ್ ಕ್ಯಾಪಿಟಲ್ ಬ್ಯಾಂಕಿನ ಆನ್‌ಲೈನ್ ವಿಭಾಗ. ಅದರ ಒಂದು ಸೇವಿಂಗ್ಸ್ ಅಕೌಂಟಿನಲ್ಲಿ ಬಡ್ಡಿಯೇ ಇಲ್ಲ. ಬದಲಿಗೆ ನೀವು ಇಟ್ಟ ಪ್ರತಿ ಡಾಲರಿಗೆ ವರ್ಷಕ್ಕೆ ಇಷ್ಟು ಅಂತ ಅಮೆರಿಕನ್ ಏರ್‌ಲೈನ್ಸಿನ ಮೈಲ್ಸ್ ಬರುತ್ತವೆ. ದುಡ್ಡಿನ ಭದ್ರತೆ ಬಗ್ಗೆ ಭಯ ಬೇಡ. ಬೇರೆ ಬ್ಯಾಂಕುಗಳ ಹಾಗೆ ಇಲ್ಲೂ 2,50,000 ಡಾಲರ್‌ವರೆಗೆ ಎಫ್‌ಡಿಐಸಿ (ಇಲ್ಲಿನ ಸರ್ಕಾರದ ಠೇವಣಿ ವಿಮಾ ಸಂಸ್ಥೆ) ವಿಮೆ ಇದೆ. ಆದರೆ ಆ ವಿಮೆ ನೀವು ಇಟ್ಟ ಅಸಲಿಗೆ ಮಾತ್ರ. ಮೈಲ್ಸಿಗೆ ಯಾರ ವಿಮೆಯೂ ಇಲ್ಲ, ಅದರ ಬೆಲೆ ಏನು ಅಂತ ನಿರ್ಧರಿಸುವುದು ಏರ್‌ಲೈನು.

"ಕಣ್ಣು ಮುಚ್ಚಿಕೊಂಡು ಮೈಲ್ಸ್ ತಗೊಳ್ಳಿ" ಅನ್ನುವ ಸಲಹೆ ಎಲ್ಲಿಂದ ಬಂತು ಅಂತ ಹೇಳುತ್ತೇನೆ. 2020, 2021ರಲ್ಲಿ ಒಳ್ಳೆಯ ಆನ್‌ಲೈನ್ ಬ್ಯಾಂಕುಗಳೇ ಕೊಡುತ್ತಿದ್ದದ್ದು ಅರ್ಧ ಪರ್ಸೆಂಟ್ ಬಡ್ಡಿ. 10,000 ಡಾಲರ್ ಇಟ್ಟರೆ ವರ್ಷಕ್ಕೆ 50 ಡಾಲರ್, ಅದರಲ್ಲೂ ಟ್ಯಾಕ್ಸ್ ಹೋಗಬೇಕು. ಅದೇ ಹೊತ್ತಿನಲ್ಲಿ ಡಾಲರಿಗೆ ಒಂದು ಮೈಲ್ ಅಂದರೆ 10,000 ಮೈಲ್ಸ್. ಬಿಟ್ಟ ಬಡ್ಡಿಯ ಲೆಕ್ಕದಲ್ಲಿ ಒಂದು ಮೈಲಿಗೆ ಅರ್ಧ ಸೆಂಟೂ ಬೀಳುತ್ತಿರಲಿಲ್ಲ. ಆಗ ಮೈಲ್ಸ್ ತಗೊಂಡವರು ಜಾಣರು. ಆಮೇಲೆ ಬಡ್ಡಿ ದರ ಏರಿ 2023ರಲ್ಲಿ 4 ಪರ್ಸೆಂಟ್ ದಾಟಿತು. ಡಾಲರಿಗೆ ಎಷ್ಟು ಮೈಲ್ಸ್ ಅನ್ನುವುದೂ ಏರಿಳಿಯುತ್ತಾ ಬಂದಿದೆ. ಲೆಕ್ಕ ಪೂರ್ತಿ ಬದಲಾಯಿತು, ಸಲಹೆ ಮಾತ್ರ ಹಳೆಯದೇ ಉಳಿದುಕೊಂಡಿದೆ.

ಈಗ ನಿಮ್ಮ ಲೆಕ್ಕ. ಬ್ಯಾಂಕು 4 ಪರ್ಸೆಂಟ್ ಬಡ್ಡಿ ಕೊಡುತ್ತದೆ, ಇನ್ನೊಂದು ಕಡೆ ಡಾಲರಿಗೆ 2 ಮೈಲ್ಸ್ ಅಂತ ಇಟ್ಟುಕೊಳ್ಳೋಣ. ದರ ಬದಲಾದರೆ ಇದೇ ಜಾಗದಲ್ಲಿ ಹೊಸ ಅಂಕಿ ಹಾಕಿಕೊಳ್ಳಿ. 10,000 ಡಾಲರಿಗೆ 400 ಡಾಲರ್ ಬಡ್ಡಿ. ಫೆಡರಲ್ 24, ಸ್ಟೇಟ್ 5, ಒಟ್ಟು 29 ಪರ್ಸೆಂಟ್ ಟ್ಯಾಕ್ಸ್ ಅಂದರೆ ಕೈಗೆ ಸಿಗುವುದು 284. ಮೈಲ್ಸ್ ಕಡೆ 20,000. ಇದಕ್ಕೂ ಟ್ಯಾಕ್ಸ್ ಇದೆ, ಬಹಳ ಜನ ಇದನ್ನು ಮರೆಯುತ್ತಾರೆ. ವರ್ಷದ ಕೊನೆಗೆ ಬ್ಯಾಂಕಿನಿಂದ 1099 ಅನ್ನುವ, ಆದಾಯ ತೋರಿಸುವ ಫಾರ್ಮ್ ಬರುತ್ತದೆ. ಆದರೆ ಅದರಲ್ಲಿ ಒಂದು ಮೈಲಿಗೆ ಹಿಡಿಯುವ ಬೆಲೆ 0.42 ಸೆಂಟ್ ಮಾತ್ರ. ಅಂದರೆ 84 ಡಾಲರ್ ಆದಾಯ, ಅದಕ್ಕೆ ಸುಮಾರು 24 ಡಾಲರ್ ಟ್ಯಾಕ್ಸ್. ಮೈಲ್ಸಿನಲ್ಲಿ ನಿಜವಾದ ಲಾಭ ಅಂತ ಇರುವುದು ಇಲ್ಲೇ, ಇದನ್ನು ಒಪ್ಪಿಕೊಳ್ಳಬೇಕು. ನಿಮ್ಮ ಟ್ಯಾಕ್ಸ್ ದರ ಹೆಚ್ಚಿದ್ದಷ್ಟೂ ಮೈಲ್ಸ್ ಅಗ್ಗವಾಗುತ್ತವೆ.

ಬಿಟ್ಟ ಬಡ್ಡಿ 284, ಕಟ್ಟಿದ ಟ್ಯಾಕ್ಸ್ 24, ಒಟ್ಟು 308 ಡಾಲರ್ ಕೊಟ್ಟು ನೀವು 20,000 ಮೈಲ್ಸ್ ಕೊಂಡ ಹಾಗಾಯಿತು. ಒಂದು ಮೈಲಿಗೆ ಸುಮಾರು ಒಂದೂವರೆ ಸೆಂಟ್. ಇದು ಫ್ರೀ ಅಲ್ಲ. ದುಡ್ಡು ಕೈಗೆ ಬರುವ ಮೊದಲೇ ಖರ್ಚಾಗಿರುವುದರಿಂದ ಫ್ರೀ ಅನ್ನಿಸುತ್ತದೆ, ಅಷ್ಟೇ.

ಅಮೆರಿಕನ್ ಏರ್‌ಲೈನ್ಸಿನ ಪಾರ್ಟ್‌ನರ್ ಪಟ್ಟಿಯಲ್ಲಿ (ಅದರ ಜೊತೆ ಒಪ್ಪಂದ ಇರುವ ಬೇರೆ ಏರ್‌ಲೈನುಗಳ ಸೀಟಿಗೆ ಎಷ್ಟು ಮೈಲ್ಸ್ ಅಂತ ಹೇಳುವ ಪಟ್ಟಿ) ಇಲ್ಲಿಂದ ಭಾರತಕ್ಕೆ ಒಂದು ಕಡೆಯ ಎಕಾನಮಿ ಸೀಟಿಗೆ 40,000 ಮೈಲ್ಸ್, ಬಿಸಿನೆಸ್ಸಿಗೆ 70,000. ಕತಾರ್ ಏರ್‌ವೇಸಿನಲ್ಲಿ ದೋಹಾ ಮೇಲೆ ಬೆಂಗಳೂರಿಗೆ ಹೋಗಬಹುದು. ಬ್ರಿಟಿಷ್ ಏರ್‌ವೇಸೂ ಇದೆ, ಆದರೆ ಅದರಲ್ಲಿ ಮೈಲ್ಸ್ ಕೊಟ್ಟ ಮೇಲೂ ಸರ್‌ಚಾರ್ಜ್ ಅಂತ ನೂರಾರು ಡಾಲರ್ ಕೀಳುತ್ತಾರೆ. ನಮ್ಮವರಿಗೆ ಉಪಯೋಗ ಕತಾರ್ ಮಾತ್ರ ಅನ್ನುವುದು ನನ್ನ ಅಭಿಪ್ರಾಯ. ಒಂದೂವರೆ ಸೆಂಟಿನ ಲೆಕ್ಕದಲ್ಲಿ ಎಕಾನಮಿಯಲ್ಲಿ ಹೋಗಿ ಬರುವುದಕ್ಕೆ 80,000 ಮೈಲ್ಸ್ ಅಂದರೆ 1,200 ಡಾಲರ್ ಮೇಲೆ ಬಿತ್ತು, ಜೊತೆಗೆ ಏರ್‌ಪೋರ್ಟ್ ಟ್ಯಾಕ್ಸ್. ರಜೆ ಇಲ್ಲದ ತಿಂಗಳಲ್ಲಿ ಆಫರ್ ನೋಡಿ ಟಿಕೆಟ್ ತೆಗೆಯುವವರಿಗೆ ಇದರಲ್ಲಿ ಲಾಭ ಇಲ್ಲ. ಜೂನಿನಲ್ಲಿ 1,600, 1,800 ಕೊಟ್ಟು ಹೋಗುವವರಿಗೆ ಇದೆ, ಸೀಟು ಸಿಕ್ಕಿದರೆ.

ಸೀಟು ಸಿಕ್ಕಿದರೆ ಅನ್ನುವ ಈ ಮಾತಿನಲ್ಲೇ ಮಕ್ಕಳಿರುವ ಮನೆಯ ಕಷ್ಟ ಎಲ್ಲಾ ಇದೆ.

ಮಕ್ಕಳು ಸ್ಕೂಲಿಗೆ ಸೇರುವವರೆಗೆ ನಾವು ಫೆಬ್ರವರಿಯಲ್ಲೂ ಹೋಗಬಹುದು, ಸೆಪ್ಟೆಂಬರಿನಲ್ಲೂ ಹೋಗಬಹುದು. ಸೇರಿದ ಮೇಲೆ ಮುಗಿಯಿತು. ಟೆಕ್ಸಾಸಿನಲ್ಲಿ ಮೇ ಕೊನೆಗೆ ರಜೆ, ನ್ಯೂಜೆರ್ಸಿಯಲ್ಲಿ ಜೂನ್ ಮೂರನೇ ನಾಲ್ಕನೇ ವಾರಕ್ಕೆ. ಇಲ್ಲಿರುವ ಭಾರತೀಯರೆಲ್ಲ ಅದೇ ವಾರಗಳಲ್ಲಿ ಹೊರಡುತ್ತಾರೆ. ಆ ವಾರಗಳಲ್ಲಿ ದುಡ್ಡು ಕೊಟ್ಟು ಕೊಳ್ಳುವವರು ಇರುವಾಗ ಏರ್‌ಲೈನಿನವರು ಮೈಲ್ಸಿಗೆ ಸೀಟು ಯಾಕೆ ಬಿಡುತ್ತಾರೆ? ನೀವೇ ಒಂದು ಸಲ ಹುಡುಕಿ ನೋಡಿ. ನಾಲ್ಕು ಪ್ರಯಾಣಿಕರು ಅಂತ ಹಾಕಿ, ಜೂನ್ ತಿಂಗಳ ಕ್ಯಾಲೆಂಡರ್ ತೆರೆಯಿರಿ. ಖಾಲಿ ಖಾಲಿ. ಒಬ್ಬರೇ ಅಂತ ಹಾಕಿ, ಅಲ್ಲೊಂದು ಇಲ್ಲೊಂದು ದಿನ ಬೆಳಗುತ್ತದೆ. ಇಬ್ಬರಿಗೆ ಹಾಕಿದರೆ ಒಂದು ಮಂಗಳವಾರ ಸಿಗಬಹುದು, ಅದೂ ದೋಹಾದಲ್ಲಿ ಹದಿನಾಲ್ಕು ಗಂಟೆ ಕಾಯುವ ಫ್ಲೈಟು. ಅಪ್ಪ ಒಂದು ಮಗುವನ್ನು ಕರೆದುಕೊಂಡು ಒಂದು ದಿನ, ಅಮ್ಮ ಇನ್ನೊಂದು ಮಗುವಿನ ಜೊತೆ ಎರಡು ದಿನ ಬಿಟ್ಟು ಹೋದ ಮನೆಗಳನ್ನು ನಾನು ನೋಡಿದ್ದೇನೆ. ಅಷ್ಟು ದೂರದ ಪ್ರಯಾಣದಲ್ಲಿ ಮಗುವಿಗೆ ಜ್ವರ ಬಂದು ವಾಂತಿ ಮಾಡಿಕೊಂಡರೆ ಒಬ್ಬರೇ ನಿಭಾಯಿಸಬೇಕು. ಒಂದು ಟಿಕೆಟಿನಲ್ಲಿ ಉಳಿಯುವ 400 ಡಾಲರಿಗೆ ಅದು ಬೇಕಾ?

ಬುಕಿಂಗ್ 331 ದಿನ ಮೊದಲು ತೆರೆಯುತ್ತದೆ, ಅವತ್ತೇ ಕೂತು ಹಿಡಿಯಿರಿ ಅಂತ ಕೆಲವರು ಹೇಳುತ್ತೀರಿ. ನಿಜ, ಕೆಲವರಿಗೆ ಸಿಕ್ಕಿದೆ. ಆದರೆ ಹಿಂದಿನ ಜುಲೈನಲ್ಲೇ ಮುಂದಿನ ಜೂನಿನ ರಜೆ ಮಂಜೂರು ಮಾಡುವ ಮ್ಯಾನೇಜರ್ ಎಷ್ಟು ಜನರಿಗಿದ್ದಾರೆ? ಊರಿಗೆ ಹೋದಾಗ ಪಾಸ್‌ಪೋರ್ಟಿಗೆ ವೀಸಾ ಸ್ಟಾಂಪಿಂಗ್ ಮಾಡಿಸಬೇಕಾದವರ ಪಾಡಂತೂ ಬೇಡ.

ಮಕ್ಕಳ ಟಿಕೆಟಿನ ವಿಷಯವನ್ನೂ ಗಮನಿಸಿ. ಎರಡು ವರ್ಷ ತುಂಬಿದ ಮೇಲೆ ಮಗುವಿಗೆ ಬೇರೆ ಸೀಟು ಬೇಕು, ಆ ಸೀಟಿಗೂ ಪೂರ್ತಿ 40,000 ಮೈಲ್ಸ್. ದುಡ್ಡು ಕೊಟ್ಟು ಕೊಂಡರೆ ಕೆಲವು ಏರ್‌ಲೈನುಗಳಲ್ಲಿ ಮಕ್ಕಳ ಟಿಕೆಟ್ ಸ್ವಲ್ಪ ಕಡಿಮೆಗೆ ಸಿಗುತ್ತದೆ. ನಾಲ್ಕು ಜನ ಹೋಗಿ ಬರುವುದಕ್ಕೆ 3,20,000 ಮೈಲ್ಸ್. ಡಾಲರಿಗೆ 2 ಮೈಲ್ಸಿನಂತೆ ಅಷ್ಟು ಮೈಲ್ಸ್ ಒಂದೇ ವರ್ಷದಲ್ಲಿ ಬೇಕು ಅಂದರೆ 1,60,000 ಡಾಲರ್ ಇಡಬೇಕು. 40,000 ಇಟ್ಟರೆ ನಾಲ್ಕು ವರ್ಷ ಕಾಯಬೇಕು. ನಾಲ್ಕು ವರ್ಷದ ನಂತರವೂ ಒಂದು ಸೀಟಿನ ಬೆಲೆ 40,000 ಮೈಲ್ಸೇ ಇರುತ್ತದೆ ಅಂತ ಯಾರು ಹೇಳಬೇಕು? ಡೆಲ್ಟಾ ಏರ್‌ಲೈನ್ 2015ರಲ್ಲಿ ತನ್ನ ಮೈಲ್ಸ್ ಬೆಲೆಯ ಪಟ್ಟಿಯನ್ನೇ ತೆಗೆದುಹಾಕಿತು, ಯುನೈಟೆಡ್ 2019ರಲ್ಲಿ ತೆಗೆಯಿತು, ಅಮೆರಿಕನ್ನಿನ ಸ್ವಂತ ವಿಮಾನಗಳಿಗೆ ಈಗ ಪಟ್ಟಿ ಇಲ್ಲ. ಪಾರ್ಟ್‌ನರ್ ಪಟ್ಟಿ ಒಂದು ಉಳಿದುಕೊಂಡಿದೆ. ಬಡ್ಡಿಯ ಮೇಲೆ ಬಡ್ಡಿ ಬೆಳೆಯುತ್ತದೆ, ಮೈಲ್ಸಿನ ಮೇಲೆ ಮೈಲ್ಸ್ ಬೆಳೆಯುವುದಿಲ್ಲ. ಹಾಗಾಗಿ ಕುಟುಂಬದ ಬೇಸಿಗೆ ಪ್ರಯಾಣಕ್ಕೆ ಅಂತ ಮೈಲ್ಸ್ ಕೂಡಿಡಬೇಡಿ. ಅದಕ್ಕೆ ಬಡ್ಡಿ ಬರುವ ಅಕೌಂಟೇ ಸರಿ. ದುಡ್ಡಿದ್ದರೆ ಯಾವ ಏರ್‌ಲೈನ್ ಬೇಕಾದರೂ, ಯಾವ ದಿನ ಬೇಕಾದರೂ, ನಾಲ್ಕೂ ಸೀಟು ಅಕ್ಕಪಕ್ಕ ಕೊಳ್ಳಬಹುದು.

ಹಾಗಂತ ಮೈಲ್ಸ್ ಬೇಡವೇ ಬೇಡ ಅನ್ನುವವರ ಪಕ್ಷಕ್ಕೂ ನಾನು ಸೇರುವುದಿಲ್ಲ. ಒಂದು ಸಂದರ್ಭದಲ್ಲಿ ಅದಕ್ಕೆ ಸಮನಾದದ್ದು ಇಲ್ಲ.

ಅಪ್ಪನಿಗೆ ಸ್ಟ್ರೋಕ್ ಆದಾಗ ಅಣ್ಣ ಫೋನ್ ಮಾಡಿದ್ದು ಇಲ್ಲಿ ಸಂಜೆ ಹೊತ್ತು. ಐಸಿಯುನಲ್ಲಿದ್ದಾರೆ, ಮಾತು ನಿಂತಿದೆ, ಬರುವುದಾದರೆ ಈಗಲೇ ಬಾ ಅಂದ. ಮಗಳಿಗೆ ಮರುದಿನ ಸ್ಕೂಲಲ್ಲಿ ಪರೀಕ್ಷೆ, ಮಗನ ಪಾಸ್‌ಪೋರ್ಟ್ ಮುಗಿದು ಹೊಸದಕ್ಕೆ ಕಳಿಸಿದ್ದೆವು. (ಹದಿನಾರರೊಳಗಿನ ಮಕ್ಕಳಿಗೆ ಇಲ್ಲಿನ ಪಾಸ್‌ಪೋರ್ಟ್ ಐದೇ ವರ್ಷಕ್ಕೆ, ದಯವಿಟ್ಟು ಎಲ್ಲರೂ ಒಮ್ಮೆ ತಾರೀಕು ನೋಡಿಕೊಳ್ಳಿ.) ಹೋಗಬೇಕಾದದ್ದು ನಾನೊಬ್ಬಳೇ. ನಾಳೆ ಹೊರಡುವ ಟಿಕೆಟಿನ ಬೆಲೆ ಒಂದು ಕಡೆಗೇ 2,000 ಡಾಲರ್ ದಾಟಿತ್ತು. ಮೈಲ್ಸಿನಲ್ಲಿ ಹುಡುಕಿದೆ. ಒಂದು ಸೀಟು, 40,000. ಮೈಲ್ಸಿನ ಪಟ್ಟಿಯಲ್ಲಿ ನಾಳೆ ಹೊರಡುವುದಕ್ಕೂ ಆರು ತಿಂಗಳ ನಂತರ ಹೊರಡುವುದಕ್ಕೂ ಒಂದೇ ಬೆಲೆ. ಕೊನೇ ಗಳಿಗೆಯ ಬುಕಿಂಗಿಗೆ ಅಮೆರಿಕನ್ ಹಾಕುತ್ತಿದ್ದ 75 ಡಾಲರ್ ಫೀಸೂ 2020ರಿಂದ ಇಲ್ಲ. ವಾಪಸ್ ಟಿಕೆಟ್ ಯಾವಾಗ ಅಂತ ಆಗ ಹೇಗೆ ಹೇಳುವುದು? ಹೋಗುವುದಕ್ಕೆ ಮಾತ್ರ ತೆಗೆದೆ. ಬೆಳಿಗ್ಗೆ ಯಜಮಾನರು ಮಕ್ಕಳನ್ನು ಸ್ಕೂಲಿಗೆ ಬಿಟ್ಟು ನನ್ನನ್ನು ಏರ್‌ಪೋರ್ಟಿಗೆ ಬಿಟ್ಟರು. ಅಪ್ಪ ನನ್ನನ್ನು ಗುರುತಿಸಿದರು, ಕೈ ಹಿಡಿದುಕೊಂಡರು. ಆಮೇಲೆ ಚೇತರಿಸಿಕೊಂಡರು ಕೂಡ. ಆ ರಾತ್ರಿ ದುಡ್ಡಿನ ಯೋಚನೆ ಮಾಡಿ ಮೂರು ದಿನ ತಡ ಮಾಡುವ ಪ್ರಸಂಗ ಬರಲಿಲ್ಲವಲ್ಲ ಅನ್ನುವುದು ನನಗೆ ಇವತ್ತಿಗೂ ದೊಡ್ಡ ಸಮಾಧಾನ.

ಯೋಚಿಸಿ ನೋಡಿ, ಇಡೀ ಕುಟುಂಬದ ರಜಾ ಪ್ರಯಾಣಕ್ಕೆ ಮೈಲ್ಸ್ ಯಾಕೆ ಕೈಕೊಡುತ್ತದೋ ಅದೇ ಕಾರಣಕ್ಕೆ ತುರ್ತಿಗೆ ಅದು ಒದಗುತ್ತದೆ. ಹೊರಡುವ ದಿನ ಹತ್ತಿರವಾದಾಗ ಮಾರಾಟವಾಗದ ಸೀಟುಗಳನ್ನು ಏರ್‌ಲೈನುಗಳು ಮೈಲ್ಸಿಗೆ ಬಿಡುವುದುಂಟು. ನಾಲ್ಕು ಸಿಗದಿದ್ದರೂ ಒಂದು ಸಿಗುವ ಸಾಧ್ಯತೆ ಇರುತ್ತದೆ. ರಜೆ ಕಾಲದಲ್ಲಿ ಅದೂ ಸಿಗದೇ ಹೋಗಬಹುದು, ಹಾಗಾಗಿ ಟಿಕೆಟಿಗೆ, ಆಸ್ಪತ್ರೆಗೆ ಅಂತ ದುಡ್ಡೂ ಪಕ್ಕದಲ್ಲಿ ಇರಲೇಬೇಕು.

ಆದ್ದರಿಂದ ಪ್ರಶ್ನೆ ಕೇಳಿದವರಿಗೆ ನಾನು ಹೇಳುವುದು ಹೀಗೆ. ಉಳಿತಾಯದ ದೊಡ್ಡ ಪಾಲನ್ನು ಬಡ್ಡಿ ಬರುವ ಆನ್‌ಲೈನ್ ಅಕೌಂಟಿನಲ್ಲಿ ಇಡಿ. ಸಂಬಳ ಬರುವ ದೊಡ್ಡ ಬ್ಯಾಂಕಿನ ಸೇವಿಂಗ್ಸಿನಲ್ಲಿ ಸುಮ್ನೆ ಬಿಡಬೇಡಿ, ಅಲ್ಲಿ ಸಿಗುವುದು 0.01 ಪರ್ಸೆಂಟ್, ಅಂದರೆ 10,000ಕ್ಕೆ ವರ್ಷಕ್ಕೆ ಒಂದು ಡಾಲರ್. ಮೈಲ್ಸೋ ಬಡ್ಡಿಯೋ ಅಂತ ತಿಂಗಳುಗಟ್ಟಲೆ ಚರ್ಚೆ ಮಾಡುತ್ತಾ ದುಡ್ಡನ್ನು ಅಲ್ಲೇ ಬಿಟ್ಟಿರುವವರು ಈ ಗುಂಪಿನಲ್ಲೇ ಇದ್ದಾರೆ, ಅದು ನಿಜವಾದ ನಷ್ಟ. ಇನ್ನು ಮೈಲ್ಸ್ ವಿಷಯಕ್ಕೆ ಬಂದರೆ, ಒಬ್ಬರು ಊರಿಗೆ ಹೋಗಿ ಬರುವಷ್ಟು, 80,000, ಯಾವಾಗಲೂ ಕೈಯಲ್ಲಿರಲಿ. ಇಬ್ಬರ ಕಡೆಯೂ ಅಪ್ಪ ಅಮ್ಮ ವಯಸ್ಸಾದವರಾದರೆ ಅದರ ಎರಡರಷ್ಟು. ಅದಕ್ಕಿಂತ ಜಾಸ್ತಿ ಬೇಡ. ಕ್ರೆಡಿಟ್ ಕಾರ್ಡಿನ ಜಾಯ್ನಿಂಗ್ ಬೋನಸ್ಸಿನಲ್ಲಿ ಅಷ್ಟು ಬಂದರೆ ಮೈಲ್ಸ್ ಅಕೌಂಟೇ ಬೇಕಿಲ್ಲ, ಪ್ರತಿ ತಿಂಗಳು ಬಿಲ್ ಪೂರ್ತಿ ಕಟ್ಟುವ ಅಭ್ಯಾಸ ಇದ್ದರೆ ಮಾತ್ರ. ಬರದಿದ್ದರೆ ಒಂದಷ್ಟು ದುಡ್ಡನ್ನು ಅಲ್ಲಿಟ್ಟು, 80,000 ತುಂಬಿದ ಕೂಡಲೇ ಬಡ್ಡಿಯ ಅಕೌಂಟಿಗೆ ಬದಲಾಯಿಸಿ.

ಎನ್‌ಆರ್‌ಇ ಎಫ್‌ಡಿ (ಹೊರದೇಶದಲ್ಲಿರುವ ಭಾರತೀಯರು ಭಾರತದ ಬ್ಯಾಂಕಿನಲ್ಲಿ ಇಡುವ ಠೇವಣಿ) ಯಾಕೆ ಬೇಡ ಅಂತ ಒಬ್ಬರು ಕೇಳಿದ್ದೀರಿ. ಆ ಬಡ್ಡಿಗೆ ಭಾರತದಲ್ಲಿ ಟ್ಯಾಕ್ಸ್ ಇಲ್ಲ, ಆದರೆ ಇಲ್ಲಿ ಟ್ಯಾಕ್ಸ್ ಕಟ್ಟುವವರು ಇಲ್ಲಿ ತೋರಿಸಲೇಬೇಕು. ಹೊರದೇಶದ ಖಾತೆಗಳೆಲ್ಲ ಸೇರಿ 10,000 ಡಾಲರ್ ದಾಟಿದರೆ ಆ ಖಾತೆಗಳ ವಿವರ ಇಲ್ಲಿನ ಸರ್ಕಾರಕ್ಕೆ ಕೊಡುವ ಎಫ್‌ಬಾರ್ ಕೂಡ ಸಲ್ಲಿಸಬೇಕು. ರೂಪಾಯಿ ಬೀಳುವುದನ್ನೂ ಲೆಕ್ಕ ಹಾಕಬೇಕು. ಅದು ಊರಿಗೆ ವಾಪಸ್ ಹೋಗುವವರ ಮಾತು, ಬೇರೆಯಾಗಿ ಚರ್ಚೆ ಮಾಡೋಣ.

ಕೊನೆಗೆ ಎರಡು ಸಣ್ಣ ವಿಷಯ. ಅಮೆರಿಕನ್ನಿನ ಮೈಲ್ಸ್ 24 ತಿಂಗಳು ಏನೂ ವ್ಯವಹಾರ ಇಲ್ಲದಿದ್ದರೆ ಹೋಗಿಬಿಡುತ್ತವೆ, 21 ವರ್ಷದೊಳಗಿನವರಿಗೆ ಈ ನಿಯಮ ಇಲ್ಲ. ಹಾಗಂತ ಮಕ್ಕಳ ಹೆಸರಿನಲ್ಲಿ ಹಂಚಿ ಇಡಬೇಡಿ, ಒಬ್ಬರ ಅಕೌಂಟಿನಿಂದ ಇನ್ನೊಬ್ಬರಿಗೆ ವರ್ಗಾಯಿಸಲು ದುಡ್ಡು ಕೇಳುತ್ತಾರೆ. ಒಂದೇ ಅಕೌಂಟಿನಲ್ಲಿ ಇಟ್ಟರೆ ಅದರಿಂದ ಯಾರಿಗೆ ಬೇಕಾದರೂ ಟಿಕೆಟ್ ತೆಗೆಯಬಹುದು. ಆ ಅಕೌಂಟಿನ ಪಾಸ್‌ವರ್ಡ್ ಗಂಡ ಹೆಂಡತಿ ಇಬ್ಬರಿಗೂ ಗೊತ್ತಿರಲಿ, ಓಟಿಪಿ ಹೋಗುವ ಫೋನು ಯಾರ ಹತ್ತಿರ ಇರುತ್ತದೆ ಅಂತಲೂ ಇವತ್ತೇ ನೋಡಿಕೊಳ್ಳಿ.